ರೇಡಿಯೋದಲ್ಲಿ ಬೈದವನು ಯಾರು?

“ಅಮ್ಮಾರ, ಆ ಮಾತು ನಾ ಆಡಿಲ್ರೀ. ಕಂಪನಿಯವ್ರು ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತ. ನನ್ನ ಹೆಸರು ಉಳಸ್ರಿ,” ಎಂದು ಸಿದ್ದಾರೂಢ ಬಾಗಿಲಲ್ಲೇ ನಿಂತು ಗೋಗರೆದ.

ಸಂಗೀತಾ ಅವನನ್ನು ಒಳಗೆ ಕರೆದಳು. ಜೆ.ಪಿ. ನಗರದಲ್ಲಿ ಅವಳ ಮನೆಯಿದ್ದ ಕಟ್ಟಡದ ಮೇಲ್ಮಹಡಿಯಲ್ಲಿ ಪುಟ್ಟ ರೇಡಿಯೋ ಸ್ಟೇಷನ್ ಇತ್ತು. ಸಿದ್ದಾರೂಢ ಅಲ್ಲಿ ತನ್ನ ಧಾರವಾಡದ ಮಾತಿನಲ್ಲೇ ಕಾರ್ಯಕ್ರಮ ನಡೆಸುತ್ತಿದ್ದ, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದ ಆ ಕಡೆಯವರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಈಚೆಗೆ ದೊಡ್ಡ ಕಂಪನಿಯೊಂದು ಸ್ಟೇಷನ್ನನ್ನು ಕೊಂಡುಕೊಂಡಿತ್ತು. ಊರೂರಿನ ಸ್ಟೇಷನ್‌ಗಳನ್ನು ನುಂಗಿ ನೀರು ಕುಡಿದು, ಎಲ್ಲರ ಕಿವಿಗೂ ಒಂದೇ ಹಾಡು, ಒಂದೇ ಹಲ್ಕಿರಿತ ತುರುಕುವ ಕಂಪನಿ ಅದು. ಇಲ್ಲಿನ ಇಬ್ಬರು ನಿರೂಪಕರಲ್ಲಿ ಒಬ್ಬ ಸಾಕು ಎಂದಿತ್ತು. ಇನ್ನೊಬ್ಬ ಇಲ್ಲೇ ಶ್ರೀನಗರದಲ್ಲಿ ಹುಟ್ಟಿ ಬೆಳೆದ ಮೋಹಿತ್.

ಹಿಂದಿನ ಸಂಜೆ ಹಾಡಿನ ನಡುವೆ, ಯಾರೋ ಗೊಗ್ಗರು ದನಿಯಲ್ಲಿ ರೆಕಾರ್ಡ್ ಮಾಡಿಟ್ಟ ಬೈಗುಳ ಪ್ರಸಾರವಾಗಿತ್ತು. ಸಂಗೀತಾ ಅದನ್ನು ಫೋನಿನಲ್ಲಿ ಹಾಕಿದಳು: “ಲೇ ಕಂಪನಿ ಮಗನ, ನೀ ಗಂಟುಮೂಟಿ ಕಟ್ರೀ!”

“ಇನ್ನೊಂದ್ಸಲ ಹಾಕಮ್ಮ,” ಎಂದರು ಅತ್ತೆ ಸೊಣ್ಣಮ್ಮ. ಬೀದಿಯ ಕಳವು, ಕಿತಾಪತಿಗಳ ಗಂಟು ಬಿಡಿಸಲು ಜನ ಅವರ ಹತ್ತಿರವೇ ಬರುತ್ತಿದ್ದರು. “ಸ್ಟುಡಿಯೋ ಕೀ ಯಾರ್ಯಾರ ಹತ್ರ ಐತಪ್ಪ?”

“ನಂದೊಂದು, ಮೋಹಿತಂದೊಂದು. ಅಷ್ಟರೀ.”

ಸೊಣ್ಣಮ್ಮ ಮೋಹಿತನನ್ನೂ ಕಂಪನಿಯವರನ್ನೂ ಮೇಲಿನ ಸ್ಟುಡಿಯೋಗೆ ಕರೆಸಿದರು. ಬೀದಿನಾಯಿಯೂ ಬಾಲವಾಡಿಸುತ್ತ ಅವರ ಹಿಂದೆ ಮಹಡಿ ಹತ್ತಿತು.

“ಆಂಟಿ, ಬೈದಿದ್ದು ಸಿದ್ದಾರೂಢೇ. ಲ್ಯಾಂಗ್ವೇಜೇ ಪ್ರೂಫ್ ಅಲ್ವಾ?” ಎಂದಳು ಕಂಪನಿಯ ಅಧಿಕಾರಿ ಅರ್ಪಿತ.

“ಹೌದಮ್ಮ, ಅದೇ ಪ್ರೂಫು. ಮೋಹಿತ್, ನೀನು ಎಲ್ರ ಥರಾನೂ ಮಾತಾಡ್ತೀಯಂತಲ್ಲ. ಈ ನಾಯಿನ ಧಾರವಾಡದ ಮಾತಲ್ಲಿ ಆಚೆ ಓಡ್ಸಪ್ಪ.”

ಮೋಹಿತ್ ಉಬ್ಬಿಹೋದ. “ಲೇ ನಾಯಿ, ನೀ ಹೊರಗ ನಡೀರೀ!”

“ಈಗ ನೀನು,” ಎಂದರು ಸೊಣ್ಣಮ್ಮ.

“ಹಚಾ! ನಡಿ ಹೊರಗ!” ಎಂದ ಸಿದ್ದಾರೂಢ.

ಸೊಣ್ಣಮ್ಮ ಅರ್ಪಿತಳತ್ತ ತಿರುಗಿದರು. “‘ರೀ’ ಅನ್ನೋದು ಮರ್ಯಾದೆ ಕಣಮ್ಮ. ನಮ್ಮನೇಲಿ ಬಾಡಿಗೆಗಿದ್ದ ಪಾರವ್ವ ನಂಗೆ ‘ರೀ’ ಅನ್ನೋಳು, ಮಗನ್ನ ಬೈಯೋವಾಗ ಅಂತಿರ್ಲಿಲ್ಲ. ‘ಲೇ, ನೀ’ ಅಂತ ಬೈದು ‘ಕಟ್ರೀ’ ಅನ್ನೋನು ಆ ಕಡೆಯೋನಲ್ಲ. ಬಾಲಕ್ಕೊಂದು ‘ರೀ’ ಅಂಟಿಸಿದ್ರೆ ಆಯ್ತು ಅಂದ್ಕೊಂಡೋನು. ಕೀ ಇದ್ದಿದ್ದು ಇಬ್ರ ಹತ್ರ. ಇವನಲ್ಲ ಅಂದ್ಮೇಲೆ ಯಾರು?”

ಮೋಹಿತ್ ತಲೆ ತಗ್ಗಿಸಿದ. “ಸೀಟ್ ಒಂದೇ ಇತ್ತು ಮೇಡಂ. ಕೇಳೋರು ಅವನಿಗೇ ಜಾಸ್ತಿ. ಅವನ ಮೇಲೆ ಬರ್ಲಿ ಅಂತ ಮಾಡ್ದೆ.”

ಅರ್ಪಿತ ಫಕ್ಕನೆ ನಕ್ಕಳು. “ಆದ್ರೂ ಮೋಹಿತ್, ನಿಮ್ಮ ಆ ವಾಯ್ಸ್ ಸಖತ್ತಾಗಿದೆ! ಅದೇ ಧಾರವಾಡ ಮಿಮಿಕ್ರಿಲಿ ಎಲ್ಲಾ ಸ್ಟೇಷನ್‌ಗೂ ಕಾಮಿಡಿ ಶೋ ಮಾಡ್ಬಹುದು. ಸಿದ್ದಾರೂಢ್, ಕಂಪ್ಲೇಂಟ್ ಕ್ಯಾನ್ಸಲ್. ನೀವೂ ಇರಿ. ಆದ್ರೆ ಆ ಭಾಷೆ ಬೇಡ, ನಾರ್ಮಲ್ಲಾಗಿ ಮಾತಾಡಿ.”

ಸಂಗೀತಾ ಬಾಗಿಲತ್ತ ತಿರುಗಿ ನಿಂತಳು. ಕೇಡು ಮಾಡಿದವನಿಗೆ ಮಣೆ ಹಾಕುವ ಇವರ ಮುಖ ನೋಡುವುದೇ ಬೇಡವೆನ್ನಿಸಿತು.

ಸಿದ್ದಾರೂಢ ಕೀ ತೆಗೆದು ಮೇಜಿನ ಮೇಲಿಟ್ಟ.

“ನಾ ಬರ್ತೀನ್ರಿ ಮೇಡಂ. ನಿಮಗ ನನ್ನ ಮಾತು ಬ್ಯಾಡ, ನನ್ನ ಅಣಕ ಬೇಕು.”