ಬಾಯಿ ತೆರೆದ ಕೇಬಲ್

ಟೆಲಿಫೋನ್ ಕೇಬಲ್ ಕೂಡಿಸುವ ಜಾಯಿಂಟರನ ಹೆಂಡತಿ ಅಂದು ಬೆಳಿಗ್ಗೆ ಬಾಗಿಲು ಬಡಿದ ರಭಸಕ್ಕೆ ನಮ್ಮ ಮನೆಯ ಅಡಿಪಾಯ ಎರಡು ಮೊಳ ಕೆಳಗಿಳಿದಿರಬೇಕು. ಬಾಗಿಲು ತೆಗೆದವಳು ನಾನೇ.

"ಅಜ್ಜಿ, ಅಕ್ಕ ಎಲ್ಲಿ? ಬೇಗ ಕರೀರಿ!"

"ನಾನು ಅಜ್ಜಿ, ನನಗಿಂತ ಎರಡೇ ವರ್ಷ ಚಿಕ್ಕೋಳು ಅಕ್ಕ! ಯಾವ ಊರ ನ್ಯಾಯವೇ ಇದು?" ಎಂದೆ. ಅವಳು ನಗಲಿಲ್ಲ. ಕಣ್ಣು ಕೆಂಡವಾಗಿದ್ದವು. ನಾನು ತೆಪ್ಪಗೆ ದಾರಿ ಬಿಟ್ಟೆ.

ಅವಳು ಅಕ್ಕ ಎಂದದ್ದು ನನ್ನ ನಾದಿನಿಯನ್ನು. ವಿಮೆ ಕಂಪನಿಯಲ್ಲಿ ಸುಳ್ಳು ಹೇಳುವವರನ್ನು ಹಿಡಿಯುವುದೇ ಅವಳ ಕೆಲಸವಾಗಿತ್ತು. ಕೆಲಸ ಮುಗಿದರೂ ಚಟ ಬಿಟ್ಟಿಲ್ಲ. ಅವಳು ಸುಮ್ಮನೆ ನೋಡಿದರೆ ಸಾಕು, ಹಾಲು ಕದ್ದ ಬೆಕ್ಕು ತಾನಾಗಿ ಬಂದು ಒಪ್ಪಿಕೊಳ್ಳುತ್ತದೆ.

"ನನ್ನ ಗಂಡನ್ನ ನಿನ್ನೆ ಬೀದೀಲಿ ಎಲ್ಲರೆದುರು ಕಳ್ಳ ಅಂದ್ರು ಅಕ್ಕ," ಎಂದಳು ಆಕೆ. "ಕಂಪನಿ ಕಾವಲಿನ ಆ ಮೀಸೆಯವನು ಕುತ್ತಿಗೆಪಟ್ಟಿಗೆ ಕೈ ಹಾಕಿದ. ಇವತ್ತು ಸಂಜೆ ಪೊಲೀಸರಿಗೆ ಒಪ್ಪಿಸ್ತಾರಂತೆ. ಆ ಕೇಬಲ್‌ಗಳನ್ನ ಮಕ್ಕಳಿಗಿಂತ ಹೆಚ್ಚಾಗಿ ನೋಡ್ಕೊಂಡೋರು ಅವರು!"

ನಮ್ಮ ಟೆಲಿಫೋನ್ ಕಂಪನಿ ಯಾವ ಸಾಹುಕಾರನದೂ ಅಲ್ಲ, ಊರಿನದೇ. ಕೆಲವು ತಿಂಗಳಿಂದ ರಸ್ತೆಯಡಿಯ ತಾಮ್ರದ ಕೇಬಲ್‌ಗಳು ಒಂದಾದಮೇಲೊಂದು ಮಾಯವಾಗುತ್ತಿದ್ದವು. ಈ ಸಲ, ನಾಲ್ಕು ದಿನದ ಹಿಂದೆ, ಹೆರಿಗೆ ಆಸ್ಪತ್ರೆಯ ಫೋನುಗಳೆಲ್ಲ ಸತ್ತಿದ್ದವು. "ಕಾಯೋಕಾಗದವರಿಗೆ ಕಂಪನಿ ಯಾಕೆ, ಮಾರಿಬಿಡಿ" ಎಂದು ಕೆಲವರು ಆಗಲೇ ನಾಲಿಗೆ ಚಪ್ಪರಿಸುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನ್ನ ನೆತ್ತಿಯ ಮೇಲೆ ಅನ್ನ ಬೇಯುವಷ್ಟು ಸಿಟ್ಟು ಬರುತ್ತಿತ್ತು.

ಕಂಪನಿಯ ಮ್ಯಾನೇಜರ್‌ಗೆ ನಾದಿನಿಯ ಮೇಲೆ ಹಳೆಯ ವಿಶ್ವಾಸ. ಅವರ ತಾಯಿಯ ಕಳೆದುಹೋದ ಬಳೆಯನ್ನು ಹುಡುಕಿಕೊಟ್ಟವಳು ಅವಳೇ. "ಸಂಜೆವರೆಗೆ ನೋಡಿ" ಎಂದು ಒಪ್ಪಿದರು.

ಮೊದಲು ಮೂವರೂ ಕಳವಾದ ಜಾಗಕ್ಕೆ ಹೋದೆವು. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಕಬ್ಬಿಣದ ಮುಚ್ಚಳ ತೆಗೆದರೆ ಕೆಳಗೊಂದು ಗುಂಡಿ. ಅದನ್ನು ಚೇಂಬರ್ ಎನ್ನುತ್ತಾರೆ. ಒಂದು ಚೇಂಬರಿನಿಂದ ಇನ್ನೊಂದಕ್ಕೆ ಕೊಳವೆಯೊಳಗೆ ಕೇಬಲ್ ಹೋಗುತ್ತದೆ. ಕಾವಲು ಮುಖ್ಯಸ್ಥ ಅಲ್ಲಿಯೇ ನಿಂತಿದ್ದ. ಅವನ ಮೀಸೆಯ ಮೇಲೆ ಬಟ್ಟೆ ಒಣಹಾಕಬಹುದು.

"ಸಾಕ್ಷಿ ಬೇರೆ ಬೇಕಾ?" ಎಂದ. "ಕೇಬಲ್ಲನ್ನ ಬೆಣ್ಣೆ ಕೊಯ್ದ ಹಾಗೆ ಕೊಯ್ದಿದಾರೆ. ಕೆಲಸ ಬಲ್ಲೋನೇ ಮಾಡಿರೋದು. ನಾನು ಬಂದಾಗ ಇದೇ ಜಾಯಿಂಟರ್ ಗುಂಡಿಯೊಳಗೆ ಕೂತು, ಉಳಿದ ತುಂಡಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ತಿದ್ದ. ಸಾಕ್ಷಿ ಮುಚ್ಚೋಕೆ!"

"ನೀರು ಹೋಗಬಾರದು ಅಂತ ಕಟ್ಟಿದ್ದು!" ಎಂದು ಹೆಂಡತಿ ಹಾರಿಬಿದ್ದಳು. "ಬಾಯಿ ತೆರೆದ ಕೇಬಲ್ ಕಂಡ್ರೆ ಅವರಿಗೆ ಊಟ ಸೇರಲ್ಲ."

ನಾದಿನಿ ಸೀರೆ ಎತ್ತಿ ಕಟ್ಟಿ ಏಣಿಯಿಳಿದಳು. ಈ ವಯಸ್ಸಿಗೆ! ಕೆಳಗಿನಿಂದ ಅವಳ ದನಿ ಬಂತು: "ಅತ್ತಿಗೆ, ಗುಂಡಿಯ ಒಳಚಾವಣಿಗೆ ಮಸಿ ಹಿಡಿದಿದೆ. ಹೊಸದು, ಬೆರಳಿಗೆ ಅಂಟ್ತಿದೆ. ಸುಟ್ಟ ಪ್ಲಾಸ್ಟಿಕ್ ಚೂರೂ ಬಿದ್ದಿದೆ."

"ಬೀಡಿ ಸೇದಿರಬೇಕು," ಎಂದ ಮೀಸೆ.

"ಬೀಡಿಗೆ ಇಷ್ಟು ಮಸಿ ಬಂದ್ರೆ ನೀವು ಒಳಗಿಂದ ಒಲೆಯಾಗಿರ್ತಿದ್ರಿ," ಎಂದೆ ನಾನು. ಅವನ ಬಾಯಿಂದ ಬೀಡಿ ವಾಸನೆ ನನಗೆ ಆಗಲೇ ಬಡಿದಿತ್ತು.

ಅಲ್ಲಿಂದ ಕಂಪನಿಯ ಉಗ್ರಾಣದ ಅಂಗಳಕ್ಕೆ ಹೋದೆವು. ಅಲ್ಲಿನ ಸ್ಟೋರ್ ಕೀಪರ್ ಕೂಡ ಹಿಂದೆ ಕೇಬಲ್ ಕೆಲಸ ಮಾಡಿದವನೇ. ಅವನ ಮಾತು ಎಷ್ಟು ನಯವೆಂದರೆ, ನೊಣ ಕೂತರೂ ಜಾರಿಬೀಳಬೇಕು. "ಬನ್ನಿ ತಾಯಿ, ಬಿಸಿಲು ನೋಡಿ, ಸುಸ್ತಾಗಿರ್ತೀರಿ," ಎಂದ. ಜಾಯಿಂಟರನ ಹೆಂಡತಿಗೂ ಸಮಾಧಾನ ಹೇಳಿದ: "ಒಳ್ಳೆಯವನು ಕಣಮ್ಮ ನಿನ್ನ ಗಂಡ. ಏನು ಮಾಡೋದು, ಆಸೆ ಯಾರನ್ನ ಬಿಟ್ಟಿದೆ?" ನನಗಂತೂ ಮೀಸೆಯ ಬೈಗುಳವೇ ಇದಕ್ಕಿಂತ ವಾಸಿ ಎನಿಸಿತು.

ಅಂಗಳದ ಮೂಲೆಯಲ್ಲಿ ಆನೆ ಕೂತಂತೆ ದೊಡ್ಡ ಮರದ ಡ್ರಮ್ಮು, ಅದಕ್ಕೆ ಸುತ್ತಿದ ಕರಿ ಕೇಬಲ್.

"ಕಳವಾದದ್ದರ ಬದಲಿಗೆ ಹೊಸದು ತರಿಸಿದೀನಿ," ಎಂದ ಸ್ಟೋರ್ ಕೀಪರ್. "ಮೊನ್ನೆ ತಾನೆ ಲಾರಿಯಿಂದ ಇಳಿಸಿದ್ದು. ನಾಳೆ ಕೊಳವೆಯೊಳಗೆ ಎಳೀತಾರೆ."

ನನ್ನ ಮಂಡಿ ಕೈಕೊಟ್ಟಿತ್ತು. ಡ್ರಮ್ಮಿಗೆ ಒರಗಿ ನಿಂತೆ. ಹೊರಡುವಾಗ ನೋಡಿದರೆ ಸೆರಗು ಯಾವುದೋ ಬಳ್ಳಿಗೆ ಸಿಕ್ಕಿಕೊಂಡಿತ್ತು. ಡ್ರಮ್ಮಿನ ಮರಕ್ಕೆ ಹಬ್ಬಿ, ಮೊಳೆಗಳನ್ನೆಲ್ಲ ತಬ್ಬಿ, ಹೂವನ್ನೂ ಬಿಟ್ಟುಕೊಂಡಿದ್ದ ಬಳ್ಳಿ. ಬಿಡಿಸಿಕೊಂಡರೆ ನನ್ನ ಬಿಳಿ ಸೀರೆಯ ಬೆನ್ನು ಇದ್ದಿಲಂಗಡಿಯಾಗಿತ್ತು.

"ನಿಮ್ಮ ಹೊಸ ಕೇಬಲ್ಲಿಗೆ ಬೆಂಕಿ ಹಾಕ! ಇದನ್ನ ತೊಳೆಯೋಕೆ ನದಿ ಸಾಲದು!" ಎಂದು ನಾನು ಕೂಗಾಡುತ್ತಿದ್ದರೆ, ನಾದಿನಿ ನನ್ನ ಸೆರಗನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಳು. ನಂತರ ಮೆಲ್ಲಗೆ, "ಅತ್ತಿಗೆ, ಕೂಗಾಡ್ತಾ ಇರಿ, ನಿಲ್ಲಿಸಬೇಡಿ. ನಾನು ಮ್ಯಾನೇಜರಿಗೆ ಫೋನ್ ಮಾಡ್ತೀನಿ," ಎಂದಳು. ಅಂಥ ಕೆಲಸಕ್ಕೆ ನನ್ನನ್ನು ಕೇಳಬೇಕೇ? ಮ್ಯಾನೇಜರ್ ಬರುವವರೆಗೂ ಒಬ್ಬರನ್ನೂ ಕದಲಗೊಡಲಿಲ್ಲ.

ಅದೇ ಅಂಗಳದಲ್ಲಿ ಎಲ್ಲರೂ ಸೇರಿದರು. ಮ್ಯಾನೇಜರ್, ಮೀಸೆ, ಸ್ಟೋರ್ ಕೀಪರ್, ಮತ್ತೆ ಜಾಯಿಂಟರ್. ಮೂರು ದಿನದ ಗಡ್ಡ, ತಗ್ಗಿದ ತಲೆ. ಹೆಂಡತಿ ಅವನ ಪಕ್ಕ ಹೋಗಿ ನಿಂತಳು.

"ಕಳ್ಳ ಕೆಲಸ ಬಲ್ಲೋನು, ಸರಿ," ಎಂದು ನಾದಿನಿ ಶುರುಮಾಡಿದಳು. "ಆದರೆ ಗುಂಡೀಲಿ ಬೆಂಕಿ ಯಾಕೆ ಹಚ್ಚಿದ? ನೀವು ಹೇಳಿಪ್ಪ, ಕೇಬಲ್ ಕೆಲಸದಲ್ಲಿ ಬೆಂಕಿ ಯಾವಾಗ ಬೇಕು?"

"ಬಾಯಿಗೆ ಟೋಪಿ ಹಾಕುವಾಗ," ಎಂದ ಜಾಯಿಂಟರ್. "ಪ್ಲಾಸ್ಟಿಕ್ ಟೋಪಿ. ಬಿಸಿ ತಾಗಿಸಿದ್ರೆ ಕುಗ್ಗಿ ಕಚ್ಕೊಳ್ಳುತ್ತೆ, ನೀರು ಹೋಗಲ್ಲ."

"ಉಳಿದ ತುಂಡಿಗೆ ಕಳ್ಳ ಟೋಪಿ ಹಾಕಿರಲಿಲ್ಲ. ಬಾಯಿ ತೆರೆದೇ ಇತ್ತು, ಅದಕ್ಕೇ ಇವರು ಚೀಲ ಕಟ್ಟಿದ್ದು. ಹಾಗಾದ್ರೆ ಟೋಪಿ ಹೋಗಿದ್ದು ಕದ್ದ ತುಂಡಿಗೆ. ಕೊಳವೆ ತುಂಬ ನೀರು, ಎಳೆಯುವಾಗ ಒಳಗೆ ಹೋಗಬಾರದಲ್ಲ. ಕರಗಿಸಿ ತಾಮ್ರ ಮಾರೋನು ಆ ತುಂಡು ನೆಂದ್ರೆ ಅಳ್ತಾನಾ? ಕದ್ದ ಕೇಬಲ್ಲನ್ನ ನೆನೆಯದ ಹಾಗೆ ನೋಡ್ಕೊಳ್ಳೋನು ಅದನ್ನ ಮತ್ತೆ ಕೇಬಲ್ ಅಂತಲೇ ಮಾರಬೇಕು. ಯಾರಿಗೆ? ಈ ಊರಲ್ಲಿ ಇಂಥ ಕೇಬಲ್ ಕೊಳ್ಳೋದು ಒಂದೇ ಕಂಪನಿ."

ಮ್ಯಾನೇಜರ್ ಕನ್ನಡಕ ತೆಗೆದರು.

"ಹೊಸ ಕೇಬಲ್ ಬಣ್ಣ ಬಿಡಲ್ಲ. ಇದು ನಮ್ಮತ್ತಿಗೆ ಬೆನ್ನನ್ನ ಕಾಗೆ ಮಾಡಿದೆ. ವಾಸನೆ ನೋಡಿ, ಬೂಟ್ ಪಾಲಿಶ್. ಮೊನ್ನೆ ಲಾರಿಯಿಂದ ಇಳಿದ ಡ್ರಮ್ಮಿಗೆ ಬಳ್ಳಿ ಹಬ್ಬಿ ಹೂ ಬಿಡುತ್ತಾ? ಡ್ರಮ್ಮು ಮಳೆಗಾಲದಿಂದ ಇಲ್ಲೇ ಖಾಲಿ ಬಿದ್ದಿತ್ತು. ಕದ್ದದ್ದನ್ನ ಇಲ್ಲೇ ಸುತ್ತಿದಾರೆ. ಈ ಅಂಗಳದ ಬೀಗದ ಕೈ ಯಾರ ಹತ್ರ ಇದೆ?"

ಸ್ಟೋರ್ ಕೀಪರ್ ನಕ್ಕ. "ತಾಯಿ, ಬಳ್ಳಿ, ಸೀರೆ... ಇವೆಲ್ಲ ಸಾಕ್ಷಿಯಾ?"

ಜಾಯಿಂಟರ್ ಯಾರನ್ನೂ ಕೇಳಲಿಲ್ಲ. ಸೀಮೆಎಣ್ಣೆ ಬಟ್ಟೆ ಹಿಡಿದು ಡ್ರಮ್ಮಿನ ಹತ್ತಿರ ಹೋದ. ಉಜ್ಜಿದ ಕಡೆಯೆಲ್ಲ ಹಳೆಯ ಗೀರು, ಒಣಗಿದ ಕೆಸರು. ಸುತ್ತು ಬಿಚ್ಚುತ್ತಾ ಹೋದ. ಒಳಸುತ್ತಿನಲ್ಲಿ ಒಂದು ಕಡೆ ಪಟ್ಟಿ ಸುತ್ತಿದ ಜಾಗ ಕಂಡಿತು. ಅವನ ಕೈ ನಿಂತಿತು.

"ಇಲಿ ಕಡಿದಿತ್ತು ಇಲ್ಲಿ. ಸುತ್ತಿದ್ದು ನಾನು," ಎಂದ. ತಲೆಯೆತ್ತಿ ಸ್ಟೋರ್ ಕೀಪರನನ್ನು ನೋಡಿದ. "ನಾನು ರಿಪೇರಿ ಮಾಡಿದ್ದನ್ನೇ ಕದ್ದು, ನನ್ನನ್ನೇ ಕಳ್ಳ ಮಾಡಿದೆಯಲ್ಲೋ. ಒಳಗೆ ಹೆರೋ ಹೆಂಗಸರಿದ್ರು ಕಣೋ. ಡಾಕ್ಟರನ್ನ ಕರೆಯೋಕೆ ಫೋನಿರಲಿಲ್ಲ!"

ಸ್ಟೋರ್ ಕೀಪರನ ನಯವೆಲ್ಲ ಬೆವರಾಗಿ ಇಳಿಯಿತು. ಗೇಟಿನ ಕಡೆ ಎರಡು ಹೆಜ್ಜೆ ಇಟ್ಟ. ಮೀಸೆ ಅಡ್ಡ ನಿಂತ. ಆ ದಿನ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಮ್ಯಾನೇಜರ್ ದನಿ ತಗ್ಗಿಸಿದರು. "ಇದು ಇಲ್ಲೇ ಇರಲಿ. ಹೊರಗೆ ಗೊತ್ತಾದ್ರೆ ಕಂಪನಿ ಮರ್ಯಾದೆ..."

"ಮರ್ಯಾದೆನಾ?" ಹೆಂಡತಿ ಸಿಡಿದಳು. "ನನ್ನ ಗಂಡನ ಮರ್ಯಾದೆ ತೆಗೆದದ್ದು ಬೀದೀಲಿ. ಕ್ಷಮೆ ಕೇಳೋದೂ ಬೀದೀಲೇ ಆಗಬೇಕು. ನೀವೂ ಆ ಮೀಸೆನೂ ಇಬ್ಬರೂ ಬರಬೇಕು!"

"ಬಚ್ಚಿಟ್ರೆ ಇಂಥೋರು ಇನ್ನೂ ಹತ್ತು ಜನ ಹುಟ್ತಾರೆ," ಎಂದಳು ನಾದಿನಿ. "ಪೊಲೀಸರಿಗೆ ನಾನು ಆಗಲೇ ಹೇಳಿಯಾಯ್ತು. ನೀವು ಬೀದಿಗೆ ನಡೀರಿ."

ಈ ಗದ್ದಲದಲ್ಲಿ ನೋಡಿದರೆ ಜಾಯಿಂಟರನೇ ಇಲ್ಲ. ಕೆಲಸದ ಚೀಲವೂ ಇಲ್ಲ, ಉಗ್ರಾಣದ ಒಂದು ಸುರುಳಿ ತಂತಿಯೂ ಇಲ್ಲ. ಪೊಲೀಸರು ಬಂದು ಸ್ಟೋರ್ ಕೀಪರನನ್ನು ಕರೆದೊಯ್ದ ಮೇಲೆ ನಾವೆಲ್ಲ ಆಸ್ಪತ್ರೆಯ ರಸ್ತೆಗೆ ನಡೆದೆವು. ಚೇಂಬರಿನ ಮುಚ್ಚಳ ತೆರೆದಿತ್ತು. ಸುತ್ತ ಅರ್ಧ ಊರು ನೆರೆದಿತ್ತು, ಉಳಿದರ್ಧ ದಾರಿಯಲ್ಲಿತ್ತು.

ಹೆಂಡತಿ ಗುಂಡಿಗೆ ಬಗ್ಗಿ ಕೂಗಿದಳು. "ರೀ, ಮೇಲೆ ಬನ್ನಿ! ಮ್ಯಾನೇಜರ್ ಸಾಹೇಬ್ರು ಕ್ಷಮೆ ಕೇಳೋಕೆ ಬಂದಿದಾರೆ. ಆ ಮೀಸೆನೂ ಬಂದಿದಾನೆ."

ಕೆಳಗಿನಿಂದ ಉತ್ತರ ಬಂತು. "ಆಸ್ಪತ್ರೆ ಲೈನ್ ಇನ್ನೂ ಕೂಡಿಲ್ಲ. ನಿಂತಿರೋಕೆ ಹೇಳು."

ಮ್ಯಾನೇಜರ್ ಮೀಸೆಯನ್ನು ನೋಡಿದರು. ಮೀಸೆ ನೆಲ ನೋಡಿದ. ಬಿಸಿಲು ನೆತ್ತಿ ಸುಡುತ್ತಿತ್ತು, ಜನ ಒಬ್ಬರೂ ಕದಲಲಿಲ್ಲ. ಇಬ್ಬರೂ ಗುಂಡಿಯ ಅಂಚಿನಲ್ಲಿ ಕೈಕಟ್ಟಿ ನಿಂತರು.

ನಾನು ಎದುರಿನ ಅಂಗಡಿಯಿಂದ ಒಂದು ಕುರ್ಚಿ ತರಿಸಿ, ನೆರಳಿಗೆ ಹಾಕಿಕೊಂಡು ಕೂತೆ. ಅವರಿಗೆ ತರಿಸಲಿಲ್ಲ.