ಮೇವಿನ ಗುಂಡಿಯ ಒಂಬತ್ತು ಜಿಂಕೆಗಳು

ಏಪ್ರಿಲ್ 9, ಬೆಳಿಗ್ಗೆ 7.40. ವಿಸ್ಕಾನ್ಸಿನ್‌ನ ಗುಡ್ಡಗಾಡಿನಲ್ಲಿರುವ ಶೆರಿಫ್ ಠಾಣೆಗೆ ಹಸು ಸಾಕುವ ಡೋನಾ ಸ್ಪೆತ್ ಕರೆ ಮಾಡಿದಳು. ತನ್ನ ಹೊಲದಂಚಿನ ಹಳೆಯ ಮೇವಿನ ಗುಂಡಿಯಲ್ಲಿ ಯಾರೋ ಜಿಂಕೆಗಳನ್ನು ಕೊಂದು ಹಾಕಿದ್ದಾರೆ ಎಂಬುದು ದೂರು.

8.25ಕ್ಕೆ ತನಿಖಾಧಿಕಾರಿ ರೋಂಡಾ ಕ್ರೌಸ್ ತನ್ನ ಸಹಾಯಕ ಕ್ಯಾಲ್ವಿನ್‌ನೊಂದಿಗೆ ಸ್ಥಳ ತಲುಪಿದಳು. ಒಂಬತ್ತು ಜಿಂಕೆ, ಎಲ್ಲವೂ ಹೆಣ್ಣು. ಏಳು ಗಬ್ಬವಾಗಿದ್ದವು. ಒಂದು ತುಂಡು ಮಾಂಸವನ್ನೂ ಯಾರೂ ಕೊಯ್ದಿರಲಿಲ್ಲ. ಮೇಲೆ ಸುಣ್ಣ ಸುರಿದಿತ್ತು. ಮೈಮೇಲೆ ಬಾಣದ ಗಾಯಗಳಿದ್ದವು, ಆದರೆ ಬಿಲ್ಲುಬೇಟೆಗೆ ಅನುಮತಿಯಿದ್ದ ಅವಧಿ ಜನವರಿಯಲ್ಲೇ ಮುಗಿದಿತ್ತು. ಹತ್ತನೇ ವಯಸ್ಸಿನಿಂದ ಬೇಟೆಯಾಡಿದ್ದ ಕ್ಯಾಲ್ವಿನ್ ಮುಖ ತಿರುಗಿಸಿಕೊಂಡ.

ಡೋನಾಳ ಎದುರಿಗೇ ಪಂಚನಾಮೆ ಮುಗಿಸಿದಾಗ 9.50. ಒಂದರ ಭುಜದ ಮೂಳೆಯಲ್ಲಿ ಬಾಣದ ಮೊನೆ ಮುರಿದು ಕೂತಿತ್ತು. ಎರಡೇ ಅಲಗು, ಒಂದೇ ಬದಿಯಲ್ಲಿ ಮಸೆದ ಧಾರೆ.

ಊರಲ್ಲಿ ಬಿಲ್ಲು ಬಾಣ ಮಾರುವವನು ಲೈಲ್ ಬ್ರೆನ್ನಿ ಒಬ್ಬನೇ. ಈಗ ಎಲ್ಲರೂ ಕೊಳ್ಳುವುದು ಮೈಯೊಳಗೆ ಹೊಕ್ಕ ಮೇಲೆ ಅರಳುವ ಮೊನೆಗಳನ್ನು, ಅವು ಗುರಿ ತಪ್ಪುವುದು ಕಡಿಮೆ ಎಂದು ಅವನು ವಿವರಿಸಿದ. ಇಂಥವನ್ನು ಕೇಳುವವರೇ ಇಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು ಮೊನೆಯನ್ನು ಬೆಳಕಿಗೆ ಹಿಡಿದ.

"ಮಾರಿದ್ದು ನಾನೇ. ಫೆಬ್ರವರಿಯಿಂದ ಒಬ್ಬರಿಗೇ ಎಂಟು ಡಬ್ಬ ಹೋಗಿದೆ. ಆದ್ರೆ ಈ ಧಾರೆ ಕೈಯಲ್ಲಿ ಮಸೆದಿದ್ದು."

"ಯಾರ ಕೈ?"

"ನನ್ ಬಾಯಿಂದ ಯಾಕೆ ಹೇಳಿಸ್ತೀಯ ರೋಂಡಾ. ನಿಂಗೂ ಕಲಿಸಿದ್ದು ಅವರೇ ಅಲ್ವಾ."

ಓರಿನ್ ಟ್ವೈಟ್ ಮೂವತ್ತು ವರ್ಷ ಚರ್ಚಿನ ನೆಲಮಾಳಿಗೆಯಲ್ಲಿ ಬೇಟೆಯ ತರಗತಿ ನಡೆಸಿದವರು. ಮೊನೆ ಆರಿಸುವಾಗ ನಿಮ್ಮ ಅನುಕೂಲ ನೋಡಬೇಡಿ, ಜಿಂಕೆಯ ಕಡೆಯಿಂದ ನೋಡಿ, ತಾಗಿದ್ದು ಅದಕ್ಕೆ ತಿಳಿಯಲೇಬಾರದು ಎನ್ನುತ್ತಿದ್ದರು. ತಮ್ಮ ಮೊನೆಯಿಂದ ಮುಂಗೈ ಕೂದಲು ಬೋಳಿಸಿ ತೋರಿಸುತ್ತಿದ್ದರು.

ನ್ಯಾಯಾಧೀಶರ ಶೋಧನಾ ವಾರಂಟ್ ಸಿಕ್ಕಿದ್ದು ಮಧ್ಯಾಹ್ನ 2.15ಕ್ಕೆ. ಓರಿನ್ ಅವರ ಶೆಡ್ಡಿನಲ್ಲಿ ಮಾಂಸವಿಡುವ ಎರಡು ಫ್ರೀಜರ್‌ಗಳು ಬಾಯಿ ತೆರೆದಿದ್ದವು. ಒಳಗೆ ಏನೂ ಇರಲಿಲ್ಲ, ಬ್ಲೀಚಿನ ವಾಸನೆ ಮಾತ್ರ. ಅವರು ಅಡುಗೆಮನೆಯಲ್ಲಿ ಕೂತು ಮೊನೆ ಮಸೆಯುತ್ತಿದ್ದರು. ಅರ ಕೆಳಗಿಟ್ಟು, ಕಾಫಿ ಬೇಕಾ ಎಂದು ಕೇಳಿದರು. ರೋಂಡಾ ಬೇಡವೆಂದಳು. ಕಾನೂನಿನ ಪ್ರಕಾರ ಮಾತಾಡಲೇಬೇಕೆಂದಿಲ್ಲ ಎಂದೂ ತಿಳಿಸಿದಳು.

"ಮೇಷ್ಟ್ರೇ, ಡೋನಾ ಗುಂಡೀಲಿರೋವು ನೀವು ಹೊಡೆದಿದ್ದಾ?"

"ಹೌದು. ಬೇರೆ ಕಡೆನೂ ಇದೆ."

"ಒಟ್ಟು ಎಷ್ಟು?"

"ಅರವತ್ತೊಂದು."

"ಗಬ್ಬದ ಜಿಂಕೆಗಳು, ಮೇಷ್ಟ್ರೇ."

"ಅದಕ್ಕೇ ಅವನ್ನ ಆರಿಸಿದ್ದು. ಒಂದು ಬಾಣಕ್ಕೆ ಎರಡು ಮೂರು ಕಡಿಮೆ ಆಗ್ತವೆ."

ಅವರ ಹೆಂಡತಿ ಮಾರ್ಲಿಸ್ ಜನವರಿಯಲ್ಲಿ ತೀರಿಕೊಂಡಿದ್ದಳು. ಅಂಗಿಯ ಗುಂಡಿ ಹಾಕಿಕೊಳ್ಳುವುದು ಮರೆತ ದಿನದಿಂದ ಸಾವಿನವರೆಗೆ ಹನ್ನೊಂದೇ ವಾರ. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬರುವ ಮಿದುಳಿನ ರೋಗ ಎಂದು ಡಾಕ್ಟರು ಬರೆದಿದ್ದರು. ಅದನ್ನೇ ಹೋಲುವ, ಜಿಂಕೆಗಳನ್ನು ಸವೆಸಿ ಕೊಲ್ಲುವ ರೋಗ ಈ ಗುಡ್ಡಗಳಲ್ಲಿ ವರ್ಷಗಳಿಂದ ಹಬ್ಬಿತ್ತು.

"ಆರು ವರ್ಷದ ಹಿಂದೆ ಒಂದು ಗಂಡು ಹೊಡೆದೆ. ಗಟ್ಟಿಮುಟ್ಟಾಗಿತ್ತು. ರೋಗ ಇದೆಯಾ ಅಂತ ಅದರ ತಲೆ ಪರೀಕ್ಷೆಗೆ ಕೊಡ್ಲಿಲ್ಲ. ಆ ಚಳಿಗಾಲ ಪೂರ್ತಿ ಅವಳಿಗೆ ನಾನೇ ಬೇಯಿಸಿ ಬಡಿಸ್ದೆ."

"ಜಿಂಕೆಯಿಂದ ಅಲ್ಲ ಅಂತ ಡಾಕ್ಟರು ಹೇಳಿದ್ರಲ್ಲ?"

"ಅಲ್ಲ ಅನ್ಲಿಲ್ಲ. ಹಾಗೆ ಬಂದಿದ್ದು ಎಲ್ಲೂ ಸಾಬೀತಾಗಿಲ್ಲ ಅಂದ್ರು. ಮೂರು ಸಲ ಕೇಳ್ದೆ. ಮೂರು ಸಲಾನೂ ಅಷ್ಟೇ ಅಂದ್ರು."

3.40ಕ್ಕೆ ಬಂಧನ. ಬಿಲ್ಲು, ಹದಿನಾಲ್ಕು ಬಾಣ ವಶ. ಕಾರಿನಲ್ಲಿ ಅವರು, ಜಿಲ್ಲೆಯಲ್ಲಿ ಈಗ ಎಷ್ಟು ಜಿಂಕೆಗಳಿರಬಹುದು ಎಂದು ಕೇಳಿದರು. ಇಪ್ಪತ್ತೆರಡು ಸಾವಿರ ಇರಬಹುದೆಂದು ಕ್ಯಾಲ್ವಿನ್ ಹೇಳಿದ.

ಏಪ್ರಿಲ್ 30ರಂದು ಪ್ರಯೋಗಾಲಯದ ವರದಿ ಬಂತು. ಒಂಬತ್ತರಲ್ಲಿ ಒಂದಕ್ಕೂ ರೋಗವಿರಲಿಲ್ಲ. ಜಾಮೀನು ಬೇಡವೆಂದು ಓರಿನ್ ಇನ್ನೂ ಬಂಧನದಲ್ಲೇ ಇದ್ದರು. ರೋಂಡಾ ತಾನೇ ಹೋಗಿ ವರದಿ ಓದಿ ಹೇಳಿದಳು. ಅವರು ಒಂದು ಹಾಳೆ ಕೇಳಿ ಪಡೆದು, ಉಳಿದ ಐವತ್ತೆರಡನ್ನು ಎಲ್ಲೆಲ್ಲಿ ಹಾಕಿದ್ದೆನೆಂದು ನಕ್ಷೆ ಬರೆದರು. ಅವನ್ನೂ ಪರೀಕ್ಷಿಸಲು ಸಾಧ್ಯವೇ ಎಂದು ಕೇಳಿದರು.