ಜೋಡಿಸಬಾರದಿದ್ದ ಗೆರೆ

"ನಿಮಗೆ ಬಾಯಿ ಇಲ್ವಾ?"

ಹೊಸ ಕೆಲಸದ ಮೊದಲ ದಿನ, ಪಕ್ಕದ ಕುರ್ಚಿಯವನಿಗೆ ಅವಳು ಆಡಿದ ಮೊದಲ ಮಾತು ಇದು. ಒಳ್ಳೆಯ ಶಕುನವಂತೂ ಅಲ್ಲ!

ಆದದ್ದಿಷ್ಟೇ. ಆ ಪುಟ್ಟ ಡಿಸೈನ್ ಆಫೀಸಿಗೆ ಬಂದು ಕೂತವಳೇ ಅವಳು ಕಂಪ್ಯೂಟರ್ ಆನ್ ಮಾಡುವ ಬದಲು ಪೆನ್ಸಿಲ್ ಕೆತ್ತತೊಡಗಿದಳು. ಪುಡಿಯೆಲ್ಲ ಹಾರಿ ಅವನ ಕೀಬೋರ್ಡಿನ ಮೇಲೆ ಬಿತ್ತು. ಅವನು ಒಂದು ಮಾತೂ ಆಡದೆ ತನ್ನ ಪರದೆಯನ್ನು ಅವಳ ಕಡೆ ತಿರುಗಿಸಿದ. ಅದರ ತುಂಬ ದಪ್ಪ ಅಕ್ಷರಗಳಲ್ಲಿ, 'ಪೆನ್ಸಿಲ್ ಪುಡಿ ಕೀಬೋರ್ಡ್ ಒಳಗೆ ಹೋಗ್ತಿದೆ' ಎಂದಿತ್ತು.

ಒಂದು ಮೊಳ ದೂರದಲ್ಲಿ ಕೂತವನು ಟೈಪ್ ಮಾಡಿ ತೋರಿಸುವುದೇ? ಎಷ್ಟು ಕೊಬ್ಬು!

ಅವಳ ಪ್ರಶ್ನೆಗೆ ಅವನು ತಲೆಯೆತ್ತಿ ನೋಡಿದ. ಆ ಕಣ್ಣುಗಳಲ್ಲಿ ಕೊಬ್ಬು ಇರಲಿಲ್ಲ... ಬೇರೇನೋ ಇತ್ತು. ಆದರೆ ಕೋಪ ಮೂಗಿನ ತುದಿಯಲ್ಲೇ ಇದ್ದವಳಿಗೆ ಅದೆಲ್ಲ ನೋಡುವ ಪುರುಸೊತ್ತು ಎಲ್ಲಿ?

ಸಂಜೆಯೊಳಗೆ ಅವನಿಗೆ ಅವಳು 'ಮ್ಯೂಟ್' ಎಂದು ಹೆಸರಿಟ್ಟಾಗಿತ್ತು. ಆಫೀಸೆಲ್ಲ ನಕ್ಕಿತು. ಅವನೂ ನಕ್ಕ. ಅವಳಿಗೆ ತಿರುಗಿ 'ಪೆನ್ಸಿಲ್' ಎಂಬ ಹೆಸರು ಬಂತು. ಆಫೀಸಿನ ಒಡತಿ ಮೇಡಂ ಮಾತ್ರ ನಗಲಿಲ್ಲ.

ಟೀ ಕುಡಿಯುವ ಹೊತ್ತಿಗೆ ದಿನವೂ ಅದೇ ಜಗಳ.

"ಕಂಪ್ಯೂಟರ್ ಆನ್ ಮಾಡಿದ ತಕ್ಷಣ ತಲೆ ಆಫ್ ಆಗುತ್ತೆ! ಎಲ್ಲರ ಹತ್ರ ಅದೇ ಅಕ್ಷರ, ಅದೇ ನೆರಳು, ಅದೇ ಬಣ್ಣ. ಸ್ವಂತದ್ದು ಅಂತ ಏನಿದೆ?" ಎನ್ನುವಳು ಪೆನ್ಸಿಲ್.

ಮ್ಯೂಟ್ ಟೈಪ್ ಮಾಡಿ ಪರದೆ ತಿರುಗಿಸುವನು. 'ಪೆನ್ಸಿಲ್ ಹಿಡಿದವರೆಲ್ಲ ಐಡಿಯಾನೂ ಹಿಡಿದಿದ್ದಾರಾ?'

ಅವಳು ಸಿಡುಕುವಳು. ಆಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ ಅದನ್ನೇ ನೆನೆದು ಒಬ್ಬಳೇ ನಗುವಳು. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುವರು!

ಹೂಂ, ಇಲ್ಲ, ಸರಿ... ಇಷ್ಟೇ ಅವನ ಬಾಯಿಂದ ಬರುತ್ತಿದ್ದದ್ದು. ಫೋನ್ ಬಂದರೆ ಮಾತ್ರ ಎದ್ದು ಮೆಟ್ಟಿಲ ಕಡೆ ಹೋಗಿ, ಬಾಗಿಲು ಎಳೆದುಕೊಂಡು ಎಷ್ಟೋ ಹೊತ್ತು ಮಾತಾಡುತ್ತಿದ್ದ. ಬಾಗಿಲ ಗಾಜಿನಾಚೆ ಅವನು ಕೈಯಾಡಿಸುವುದು, ನಗುವುದು ಕಾಣುತ್ತಿತ್ತು. ದನಿ ಕೇಳುತ್ತಿರಲಿಲ್ಲ.

'ಯಾರವಳು? ನನ್ನ ಹತ್ರ ಒಂದು ವಾಕ್ಯಕ್ಕೂ ಗತಿಯಿಲ್ಲ, ಅವಳ ಹತ್ರ ಅರ್ಧ ಗಂಟೆ!'

ತನಗೇಕೆ ಉರಿಯಬೇಕು? ಅವಳಿಗೇ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಅವನು ತನ್ನ ಜೊತೆ ಬಾಯಿಬಿಟ್ಟು ಮಾತಾಡಬೇಕು. ಬೈದರೂ ಸರಿ... ಅವನ ದನಿ ಕೇಳಬೇಕು.

ಅಷ್ಟರಲ್ಲಿ ಆ ಕೆಲಸ ಬಂತು. ಮಾತು ತೊದಲುವ ಮಕ್ಕಳಿಗೆ ಚಿಕಿತ್ಸೆ ಕೊಡುವ ಒಂದು ಸಣ್ಣ ಕ್ಲಿನಿಕ್. ಅದಕ್ಕೊಂದು ಲಾಂಛನ ಬೇಕಿತ್ತು.

ಅವಳು ಹೋಗಿ ಅಲ್ಲಿ ಒಂದು ಬೆಳಗ್ಗೆ ಪೂರ್ತಿ ಕೂತಳು. ಒಬ್ಬ ಪುಟ್ಟ ಹುಡುಗಿ ತನ್ನ ಹೆಸರು ಹೇಳಲು ಹೊರಟು ನಡುವೆ ಸಿಕ್ಕಿಹಾಕಿಕೊಂಡಳು. ಡಾಕ್ಟರ್ ಸಹಾಯಕ್ಕೆ ಹೋಗಲಿಲ್ಲ. ಕೈ ಕಟ್ಟಿ ನಗುನಗುತ್ತ ಕಾದರು. ಕೊನೆಗೆ ಹೆಸರು ಪೂರ್ತಿ ಹೊರಬಂತು. ಆ ಮಗುವಿನ ಮುಖದ ಹಿಗ್ಗು ನೋಡಬೇಕಿತ್ತು!

ಅಲ್ಲೇ ಕೂತು ಅವಳು ಬರೆದದ್ದು ಒಂದೇ ಗೆರೆ. ಹೊರಟು, ನಡುವೆ ನಿಂತು, ಒಂದಿಷ್ಟು ಜಾಗ ಖಾಲಿ ಬಿಟ್ಟು, ಮತ್ತೆ ಅದೇ ಹುರುಪಿನಲ್ಲಿ ಮುಂದೆ ಹೋಗುವ ಗೆರೆ. ನಿಂತದ್ದು ತಪ್ಪಲ್ಲ, ಮುಂದೆ ಹೋಯಿತಲ್ಲ... ಅದೇ ಅವಳ ಐಡಿಯಾ.

ಕಂಪ್ಯೂಟರಿನಲ್ಲಿ ಅಚ್ಚುಕಟ್ಟು ಮಾಡಿಕೊಡಲು ಅದನ್ನು ಅವನ ಮುಂದಿಟ್ಟಳು. "ಕ್ಲಿನಿಕ್‌ನದ್ದು. ತೊದಲೋ ಮಕ್ಕಳಿಗೆ," ಎಂದಳು.

ಅವನು ಬಹಳ ಹೊತ್ತು ಆ ಕಾಗದ ನೋಡಿದ. ಅವನ ಕಿವಿ ಕೆಂಪಾಯಿತು. 'ಅಬ್ಬಾ, ಕೊನೆಗೂ ನನ್ನ ಒಂದು ಚಿತ್ರ ಇವನಿಗೆ ಹಿಡಿಸಿತು!' ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಮೀಟಿಂಗಿನ ದಿನ ಆಫೀಸಿಗೇ ಬಂದ ಡಾಕ್ಟರ ಎದುರು ಅವನು ಮಾಡಿಕೊಟ್ಟ ಫೈಲ್ ತೆರೆದ ಅವಳು ಪರದೆಯತ್ತ ಬಗ್ಗಿ ನೋಡಿದಳು. ಗೆರೆ ಈ ತುದಿಯಿಂದ ಆ ತುದಿಯವರೆಗೆ ನುಣ್ಣಗೆ, ಅಖಂಡವಾಗಿ ಇತ್ತು. ನಡುವಿನ ಜಾಗವೇ ಇಲ್ಲ!

"ಚೆನ್ನಾಗಿದೆ," ಎಂದರು ಡಾಕ್ಟರ್. "ಆದ್ರೆ ಇದನ್ನ ಫೋನ್ ಕಂಪನಿಗೂ ಇಡಬಹುದು, ಸೋಪಿಗೂ ಇಡಬಹುದು. ನಮ್ಮ ಮಕ್ಕಳು ಇದರಲ್ಲಿ ಎಲ್ಲಿದ್ದಾರೆ?"

ಅವರು ಹೋದದ್ದೇ ತಡ, ಅವಳು ಸ್ಫೋಟಿಸಿದಳು.

"ನಿಮ್ಮ ಕಂಪ್ಯೂಟರ್‌ಗೆ ತಲೆ ಇಲ್ಲ, ಒಪ್ಪಿದೆ. ಎರಡು ತುದಿ ಕಂಡ್ರೆ ಅದು ಜೋಡಿಸುತ್ತೆ. ನಿಮಗೂ ತಲೆ ಇಲ್ವಾ? ಇದ್ಯಾಕೆ ಹೀಗೆ ಅಂತ ಬಾಯಿಬಿಟ್ಟು ಕೇಳೋಕೇನಾಗಿತ್ತು? ಮ್ಯೂಟ್ ಅಂತ ಸುಮ್ನೆ ಹೆಸರಿಡಲಿಲ್ಲ ನಾನು!"

ಅವನು ಎದ್ದು ನಿಂತ. ತುಟಿ ತೆರೆದ. ಗಂಟಲ ನರ ಬಿಗಿಯಿತು, ಗದ್ದ ನಡುಗಿತು... ಮಾತು ಹೊರಡಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಟೇ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ.

ಖಾಲಿ ಕುರ್ಚಿ ಇಷ್ಟು ಕಾಡುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪೆನ್ಸಿಲ್ ಕೆತ್ತುವಾಗ ಅಭ್ಯಾಸಬಲದಿಂದ ಪುಡಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಏನಾದರೂ ಹೊಳೆದರೆ ಆ ಕಡೆ ತಿರುಗುತ್ತಿದ್ದಳು. ಕಪ್ಪು ಪರದೆಯಲ್ಲಿ ತನ್ನದೇ ಮುಖ ಕಾಣುತ್ತಿತ್ತು.

ಲಾಂಛನವನ್ನು ತಾನೇ ಕಂಪ್ಯೂಟರಿನಲ್ಲಿ ಮಾಡಲು ಕೂತಳು. ಕಾರ್ಡಿನಷ್ಟು ಚಿಕ್ಕದಾಗಿ ಪ್ರಿಂಟ್ ತೆಗೆದರೆ ನಡುವಿನ ಜಾಗ ಮುಚ್ಚಿಹೋಗುತ್ತಿತ್ತು. ಬೋರ್ಡಿನಷ್ಟು ದೊಡ್ಡದು ಮಾಡಿದರೆ ಎರಡು ಬೇರೆ ಕಡ್ಡಿಗಳಂತೆ ಕಾಣುತ್ತಿತ್ತು.

"ಥತ್, ಈ ಕಂಪ್ಯೂಟರ್ರೇ ಸರಿಯಿಲ್ಲ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಹಿಂದೆ ನಿಂತಿದ್ದ ಮೇಡಂ. "ಅವನ ಮನೆಗೆ ಹೋಗಿ ಬಾ. ನಾನು ಹೇಳಬಾರದ್ದು ಅಲ್ಲಿ ಗೊತ್ತಾಗುತ್ತೆ."

ಬಾಗಿಲು ತೆಗೆದದ್ದು ಅವನ ಅಕ್ಕ. ಮೇಲಿಂದ ಕೆಳಗೆ ನೋಡಿ ಕಣ್ಣರಳಿಸಿದಳು.

"ನೀನೇನಾ ಆ ಪೆನ್ಸಿಲ್ಲು? ಬಾರಮ್ಮ! ದಿನಾ ಟೀ ಮುಗಿದ ಮೇಲೆ ನಾನು ಫೋನ್ ಮಾಡಿದ್ರೆ ಬರೀ ನಿನ್ನ ಸುದ್ದಿನೇ. ಅವಳು ಹಿಂಗಂದ್ಲು, ನಾನು ಹಂಗಂದೆ... ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ!"

ಹಾಗಾದರೆ ಆ ಫೋನ್... ಅಕ್ಕನದೇ!

"ಅವರು... ಅಷ್ಟೊಂದು ಮಾತಾಡ್ತಾರಾ?"

"ನನ್ನ ಹತ್ರ ಬಾಯಿ ಮುಚ್ಚಲ್ಲ. ಹೊರಗೆ ಹೋದ್ರೆ ಬೀಗ." ಅಕ್ಕನ ದನಿ ತಗ್ಗಿತು. "ಮಾತು ತಡೆಯುತ್ತಲ್ಲಮ್ಮ, ಚಿಕ್ಕಂದಿನಿಂದ. ಸ್ಕೂಲಲ್ಲಿ ಅಣಕಿಸಿ ಅಣಕಿಸಿ ಹೆದರಿಸಿಬಿಟ್ರು. ಯಾಕೆ, ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅವನಿಗೊಂದು ಹೆಸರಿಟ್ಟಿದ್ದಳು. ಆಫೀಸೆಲ್ಲ ಕೂಗುವಂತೆ ಮಾಡಿದ್ದಳು. ಅವಳ ಕಣ್ಣು ತುಂಬಿತು.

ಅವನಿದ್ದ ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅವಳು ಅದರ ಮುಂದೆ ಹೋಗಿ ನಿಂತಳು.

"ಕ್ಷಮಿಸಿ... ಆ ಹೆಸರು ಇನ್ನು ಯಾರ ಬಾಯಲ್ಲೂ ಬರಲ್ಲ. ನಾಳೆ ಹತ್ತು ಗಂಟೆಗೆ ಮತ್ತೆ ಮೀಟಿಂಗ್, ಕ್ಲಿನಿಕ್‌ನಲ್ಲಿ. ಕೆಲಸಕ್ಕೋಸ್ಕರ ಬನ್ನಿ ಅಂತ ಕರೀತಿಲ್ಲ." ಅವಳು ಬಾಗಿಲಿಗೆ ಹಣೆ ಆನಿಸಿದಳು. "ನೀವಿಲ್ಲದೆ ನನಗೆ ಅಲ್ಲಿ ಕೂರೋಕೆ ಆಗ್ತಿಲ್ಲ."

ಆಮೇಲೆ ಅಕ್ಕನಿಗೆ ಕೈಮುಗಿದು ಹೊರಟಳು.

ಬೆಳಗ್ಗೆ ಡಾಕ್ಟರ ಮುಂದೆ ಅವಳು ತನ್ನ ಪೆನ್ಸಿಲ್ ಚಿತ್ರವನ್ನೇ ಇಟ್ಟಳು. ಅವರ ಮುಖ ಬೆಳಗಿತು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಇದು ನಮ್ಮದು! ಆದ್ರೆ ಕಾರ್ಡಿನ ಮೇಲೆ ಈ ಜಾಗ ಕಾಣುತ್ತಾ?"

ಆಗ ಬಾಗಿಲು ತೆರೆಯಿತು. ಲ್ಯಾಪ್‌ಟಾಪ್ ಎದೆಗವಚಿಕೊಂಡು ಅವನು ನಿಂತಿದ್ದ. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಕಾ... ಕಾಣುತ್ತೆ."

ಆ ದನಿ! ಸ್ವಲ್ಪ ಒರಟು, ತುಂಬ ಮೆತ್ತಗೆ... ಅವಳು ಕಲ್ಪಿಸಿಕೊಂಡ ಯಾವ ದನಿಯ ಹಾಗೂ ಇರಲಿಲ್ಲ.

ಅವನು ಪರದೆ ತೆರೆದ. ಕಾರ್ಡಿಗೊಂದು, ಕಾಗದಕ್ಕೊಂದು, ಬೋರ್ಡಿಗೊಂದು. ಚಿಕ್ಕದರಲ್ಲಿ ಜಾಗವನ್ನು ಹಿಗ್ಗಿಸಿದ್ದ, ದೊಡ್ಡದರಲ್ಲಿ ಕುಗ್ಗಿಸಿದ್ದ. ಎಲ್ಲದರಲ್ಲೂ ಗೆರೆ ನಿಂತು ಮುಂದೆ ಹೋಗುತ್ತಿತ್ತು. ಅವಳು ಪೆನ್ಸಿಲ್‌ನಲ್ಲಿ ಎಳೆದ ಗೆರೆಯ ಸಣ್ಣ ಅಂಕುಡೊಂಕೂ ಹಾಗೇ ಉಳಿದಿತ್ತು.

"ಮೊದಲ ಸಲ ಮು... ಮುಚ್ಚಿದ್ದು ಕಂ... ಕಂ..."

ಕಂಪ್ಯೂಟರ್! ಪದ ಅವಳ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಸುಮ್ಮನಾದಳು. ಡಾಕ್ಟರೂ ಕೈ ಕಟ್ಟಿ ಕಾದರು.

"...ಕಂಪ್ಯೂಟರ್ ಅಲ್ಲ. ನಾನು. ಅದು ಜೋಡಿಸ್ಲಾ ಅಂ... ಅಂತ ಕೇಳ್ತು ಅಷ್ಟೆ. ಆ ಗೆರೆ ನೋಡಿ ಇವರು ನನ್ನನ್ನೇ ಬ... ಬರೆದಿದಾರೆ ಅನ್ನಿಸ್ತು. ಗೋಡೆ ಮೇಲೆ ಹಾಕಿದ್ರೆ ಎಲ್ರೂ ನೋ... ನೋಡ್ತಾರೆ ಅನ್ನಿಸ್ತು. ಹೆದರಿ ಮುಚ್ಚಿಬಿಟ್ಟೆ."

ಡಾಕ್ಟರು ಮೆಲ್ಲಗೆ ಹೇಳಿದರು, "ಹೊರಗೆ ಕೂತಿರೋ ಮಕ್ಕಳಿಗೂ ಇದನ್ನ ನೀವೇ ತೋರಿಸಬೇಕು. ಆಗುತ್ತಾ?"

ಅವನು ಅವಳ ಕಡೆ ನೋಡಿ, ಹೂಂ ಎಂದು ತಲೆಯಾಡಿಸಿದ.

ಮಕ್ಕಳಿಗೆಲ್ಲ ತೋರಿಸಿ ಮುಗಿಸಿ ಮೆಟ್ಟಿಲಿಳಿಯುವಾಗ ಇಬ್ಬರ ಹೆಜ್ಜೆಯೂ ನಿಧಾನವಾಯಿತು.

"ಐಡಿಯಾ ಕೊಲ್ಲೋದು ಕಂಪ್ಯೂಟರ್ ಅಂತ ಅಷ್ಟು ದಿನ ಕೂಗಾಡಿದೆ," ಎಂದಳು ಅವಳು. "ಹೆದರಿಕೆ ಕಣ್ರೀ ಕೊಲ್ಲೋದು. ನಾನೇನು ಕಮ್ಮಿಯಾ? ಮನಸ್ಸಲ್ಲಿ ಇರೋದನ್ನ ಹೇಳೋಕೆ ಹೆದರಿ ದಿನಾ ಜಗಳ ಆಡ್ತಿದ್ದೆ."

ಅವನು ನಿಂತ. "ಮನಸ್ಸಲ್ಲಿ ಏ... ಏನಿತ್ತು?"

"ಮೊದಲು ನೀವು ಹೇಳಿ."

ಅವನು ಉಸಿರೆಳೆದುಕೊಂಡ. ಗದ್ದ ಬಿಗಿಯಿತು. ಕೆಳಗಿನ ಬೀದಿಯಲ್ಲಿ ಒಂದು ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ನಿ... ನಿ... ನಿಮ್ಮನ್ನ ಪ್ರೀ... ಪ್ರೀತಿಸ್ತೀನಿ."

ಅವಳ ಕೆನ್ನೆಯ ಮೇಲೆ ನೀರು ಇಳಿಯಿತು. ನಗುತ್ತಲೇ ಒರೆಸಿಕೊಂಡಳು.

"ನಾನೂ... ಇನ್ನೊಂದ್ಸಲ ಹೇಳಿ."

"ಇ... ಇನ್ನೂ ಲೇಟಾಗುತ್ತೆ."

"ಆಗ್ಲಿ," ಎಂದು ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟಳು. "ನನಗೇನು ಅವಸರ ಇಲ್ಲ."